ಸೆಲ್ವಿನ್ನನ ಕಾರಿಗೆ ಜಾಗ್ವಾರಿನ ಹಿಂಭಾಗ

ಎಲ್ಲಾ ಅವಾಂತರಕ್ಕೂ ಮೂಲ ಒಂದು ಕನ್ನಡಿ. ಅದು ಕೋರಲ್‌ಳ ಡ್ರೆಸಿಂಗ್ ಟೇಬಲ್ಲಿನದು. ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳ ಗಂಡ ಸೆಲ್ವಿನ್ ಪೆಟ್ರಿ ಅದನ್ನು ಸದ್ದಿಲ್ಲದೆ ಗ್ಯಾರೇಜಿಗೆ ಹೊತ್ತೊಯ್ದು ತನ್ನ ಕಾರಿನಡಿ ಮಲಗಿಸಿದ.

ವಿಂಟನ್ ಊರಿನ ಕಾರು ಕ್ಲಬ್ಬಿನವರಿಗೆ ಅದೊಂದು ಗೀಳು. ಹಳೇ ಕಾರು ತಂದು, ಕೊಯ್ದು, ಬೆಸೆದು, ತಮಗೆ ಬೇಕಾದಂತೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ಪ್ರದರ್ಶನದ ದಿನ ಕಾರಿನಡಿ ಕನ್ನಡಿ ಹಾಸುತ್ತಾರೆ. ಬಂದವರು ಬಗ್ಗಿ, ತಳ ನೋಡಿ, ‘ಅಬ್ಬಾ’ ಅನ್ನಬೇಕು. ಮೇಲೆ ಬಣ್ಣ ಹೋಗಿದ್ದರೂ ನಡೆದೀತು, ತಳ ಹೊಳೆಯದಿದ್ದರೆ ತಲೆ ಎತ್ತಿ ತಿರುಗುವ ಹಾಗಿಲ್ಲ.

ಸೆಲ್ವಿನ್ನನದು ಮೂವತ್ತಾರನೇ ಇಸವಿಯ ಫೋರ್ಡ್ ಕೂಪೆ. ಹನ್ನೊಂದು ವರ್ಷದಿಂದ ಗ್ಯಾರೇಜಿನಲ್ಲಿ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಅದಕ್ಕೊಂದು ಮುದಿ ಜಾಗ್ವಾರಿನ ಕುಲುಕಾಟ ತಡೆಯುವ ಹಿಂದಿನ ಸಸ್ಪೆನ್ಷನ್ನನ್ನು ಇಡಿಯಾಗಿ ಕೂರಿಸಬೇಕೆಂಬುದು ಅವನ ಜೀವಮಾನದ ಆಸೆ. ಅದರಲ್ಲಿ ಎರಡು ಚಕ್ರಗಳೂ ಸ್ವತಂತ್ರ. ಒಂದು ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಕೋರಲ್‌ಳ ತಾಳ್ಮೆ ಮಾತ್ರ ಹಿಂದಿನ ದಿನವೇ ಮುಗಿದಿತ್ತು. "ನಾಳೆ ಸಾಯಂಕಾಲ ಐದರೊಳಗೆ ಇದು ತಾನಾಗೇ ಗ್ಯಾರೇಜಿಂದ ಹೊರಗೆ ಬಂದ್ರೆ ಇಟ್ಕೋ. ಬರ್ಲಿಲ್ವೋ, ಪಕ್ಕದ ಮನೆ ನೆವ್‌ಗೆ ಮಾರಿಬಿಡ್ತೀನಿ. ಅವನು ಎಷ್ಟು ವರ್ಷದಿಂದ ಕೇಳ್ತಿದಾನೆ!" ಅಂದಿದ್ದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಪಕ್ಕದ ಮನೆ ನೆವ್ ಬೆಳಿಗ್ಗೆ ಏಳಕ್ಕೇ ಟ್ರೇಲರ್ ಕಟ್ಟಿಕೊಂಡು, ಬೇಲಿಗೆ ಒರಗಿ, ಮಾಂಸದ ಪೈ ತಿನ್ನುತ್ತಾ ನಿಂತಿದ್ದ.

ಬೆಸೆಯುವ ಮುಂಚೆ ಜಾಗ್ವಾರಿನ ಭಾಗವನ್ನು ತಳಕ್ಕೆ ಹಿಡಿಸಿ ಕನ್ನಡಿಯಲ್ಲಿ ನೋಡಿದ ಸೆಲ್ವಿನ್‌ಗೆ ಅಳುವೇ ಬಂತು. ಎರಡು ಚಕ್ರಗಳ ನಡುವೆ, ಎಂಜಿನ್ನಿನ ತಿರುಗನ್ನು ಅವಕ್ಕೆ ಹಂಚುವ ಕುಂಬಳಕಾಯಿ ಗಾತ್ರದ ಡಿಫರೆನ್ಷಿಯಲ್ ಇರುತ್ತದಲ್ಲ, ಅದನ್ನು ಆರು ವಾರ ಕೂತು ಬೆಳ್ಳಿ ಬಟ್ಟಲಿನಂತೆ ಉಜ್ಜಿದ್ದ. ಉಜ್ಜಿದ್ದು ಮೇಲ್ಭಾಗವನ್ನು! ಕನ್ನಡಿಯಲ್ಲಿ ಕಾಣುತ್ತಿದ್ದದ್ದು ತುಕ್ಕು ಹಿಡಿದ ಅಡಿಭಾಗ.

"ಅಯ್ಯೋ ತಾಮೆ, ನನ್ನ ಮಾನ ಹೋಯ್ತಲ್ಲೋ!" ಅಂದ.

ತಾಮೆ ಅವನ ಗೆಳೆಯ, ಕ್ಲಬ್ಬಿನ ವೆಲ್ಡರ್. ಆನೆಯಂಥ ಆಳು. ಅವನೂ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. "ಹೌದಪ್ಪ. ದರಿದ್ರವಾಗಿದೆ."

"ಮಗುಚಿ ಹಾಕ್ರಯ್ಯಾ," ಬೇಲಿಯಿಂದ ನೆವ್ ಕೂಗಿದ. "ರೊಟ್ಟಿ ಮಗುಚಲ್ವಾ, ಹಾಗೆ. ಹೊಳೆಯೋದು ಕೆಳಗೆ ಬರುತ್ತೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೂವರಿಗೂ ಸೇರಿ ನೂರಿಪ್ಪತ್ತು ವರ್ಷ ಕಾರು ಬಿಚ್ಚಿದ ಅನುಭವ. "ಅದನ್ನ ಹಿಡಿಸೋ ಬ್ರಾಕೆಟ್ ಮಾಡೋನು ನಾನೇ ತಾನೆ? ಯಾವ ಕಡೆ ಬೇಕಾದ್ರೂ ಮಾಡ್ತೀನಿ," ಎಂದು ತಾಮೆ ವೆಲ್ಡಿಂಗ್ ಮುಖವಾಡ ಇಳಿಸಿದ. ಮಗುಚಿದರೆ ಏನಾದೀತು ಅಂತ ಒಬ್ಬನಾದರೂ ಕೇಳಬೇಡವೇ? ಊಹೂಂ, ಮೂವರೂ ಕನ್ನಡಿಯನ್ನೇ ನೋಡುತ್ತಿದ್ದರು.

ಕೆಲಸ ಶುರುವಾಯಿತು. ಹತ್ತು ಗಂಟೆಗೆ ವೆಲ್ಡಿಂಗ್ ಕಿಡಿ ಹಾರಿ ಸೆಲ್ವಿನ್ನನ ಪ್ಯಾಂಟಿನ ಹಿಂಭಾಗ ಹೊತ್ತಿಕೊಂಡಿತು. ಅವನಿಗೆ ಗೊತ್ತಾಗಲಿಲ್ಲ. "ಯಾರೋ ಬಟ್ಟೆ ಸುಡ್ತಿದಾರೆ ಕಣೋ," ಅಂತ ಅವನೇ ಮೂಗೆಳೆದ. ನೆವ್ ತನ್ನ ಬಿಸಿ ಚಹಾ ಎರಚಿ ಆರಿಸಿದ. ಬೆಂಕಿಗಿಂತ ಚಹಾ ಹೆಚ್ಚು ಸುಟ್ಟಿತು.

ಮಧ್ಯಾಹ್ನ ಸ್ಪ್ರಿಂಗ್ ಕೂರಿಸುವಾಗ ಒಂದು ಸ್ಪ್ರಿಂಗು ಕೈತಪ್ಪಿ ಚಂಗನೆ ಹಾರಿ, ಬೇಲಿ ದಾಟಿ, ನೆವ್‌ನ ಕೋಳಿಗೂಡಿನ ಸೂರು ತೂರಿಕೊಂಡು ಹೋಯಿತು. ಅದನ್ನು ಹುಡುಕಿ ತರಲು ಮುಕ್ಕಾಲು ಗಂಟೆ. ಹುಂಜ ಅದರ ಮೇಲೆ ಕೂತುಬಿಟ್ಟಿತ್ತು, ಏನು ಮಾಡಿದರೂ ಇಳಿಯಲೊಲ್ಲದು.

"ಬಿಟ್ಟುಕೊಡು ಸೆಲ್, ಇದು ಆಗೋ ಕೆಲ್ಸ ಅಲ್ಲ ಅಂತ ಹುಂಜಕ್ಕೂ ಗೊತ್ತಾಗಿದೆ," ಎಂದು ನೆವ್ ಹಲ್ಲು ಕಿರಿದ.

"ನಿನ್ನ ಟ್ರೇಲರ್‌ಗೆ ನನ್ನ ಹೆಣ ಹಾಕ್ಕೊಂಡ್ ಹೋಗು, ಕಾರು ಮಾತ್ರ ಕೊಡಲ್ಲ!"

ನಾಲ್ಕೂಮುಕ್ಕಾಲಿಗೆ ಕಾರು ಚಕ್ರದ ಮೇಲೆ ಇಳಿಯಿತು. ಕನ್ನಡಿಯಲ್ಲಿ ಡಿಫರೆನ್ಷಿಯಲ್ ಫಳಫಳ ಹೊಳೆಯಿತು. ತಾಮೆ ಕಣ್ಣೊರೆಸಿಕೊಂಡ. ಸೆಲ್ವಿನ್ ಕೂತು ಎಂಜಿನ್ ಹಚ್ಚಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ಟ.

ಕಾರು ಹಿಂದಕ್ಕೆ ಜಿಗಿದು ಗೋಡೆಗೆ ಗುದ್ದಿತು. ಕಪಾಟು ಮುರಿದು ಹಸಿರು ಪೇಂಟಿನ ಡಬ್ಬ ಡಿಕ್ಕಿಯ ಮೇಲೆ ಬಿತ್ತು.

"ಏನದು ಸದ್ದು?" ಅಡುಗೆಮನೆಯಿಂದ ಕೋರಲ್.

"ಏನಿಲ್ಲ ಚಿನ್ನ! ಬಾಗಿಲು ಹಾಕಿದ್ದು!"

ಸೆಕೆಂಡ್ ಗೇರ್ ಹಾಕಿದ. ಇನ್ನೊಂದು ಡಬ್ಬ ಬಿತ್ತು. ತಾಮೆ ಮೆಲ್ಲಗೆ ತಲೆಗೆ ಕೈ ಹೊತ್ತ. "ಸೆಲ್, ನಾವು ಮೂವರೂ ಕತ್ತೆಗಳು ಕಣೋ. ಡಿಫರೆನ್ಷಿಯಲ್ ಮಗುಚಿದ್ರೆ ಚಕ್ರ ಉಲ್ಟಾ ತಿರುಗುತ್ತೆ. ಈಗ ನಾಲ್ಕೂ ಗೇರು ಹಿಂದಕ್ಕೇ. ರಿವರ್ಸ್ ಒಂದೇ ಮುಂದಕ್ಕೆ. ಮತ್ತೆ ಬಿಚ್ಚಬೇಕಂದ್ರೆ ಎರಡು ವಾರ."

ನೆವ್ ಆಗಲೇ ಹಗ್ಗ ಬಿಚ್ಚುತ್ತಿದ್ದ. ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ. ಕೋರಲ್ ಕೈ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದಳು. ಆಗಲೇ ಸೆಲ್ವಿನ್‌ಗೆ ಒಂದು ಉಪಾಯ ಹೊಳೆಯಿತು. ರಿವರ್ಸ್ ಗೇರ್ ಹಾಕಿ ನೆಟ್ಟಗೆ ಕೂತ. ಕಾರು ಗೊರಗೊರ ಅನ್ನುತ್ತಾ, ಗಾಂಭೀರ್ಯದಿಂದ, ಮೂತಿ ಮುಂದಾಗಿ ಹೊರಗೆ ಬಂತು.

"ಓಡ್ತಲ್ಲಾ!" ಅಂದಳು ಕೋರಲ್. ಮುಖ ಅರಳಿತ್ತು. "ಆಯ್ತಪ್ಪ, ನೀನೇ ಗೆದ್ದೆ. ಇನ್ನು ಮಾರೋ ಮಾತಿಲ್ಲ."

ಸೆಲ್ವಿನ್ ಹಾರ್ನ್ ಹೊಡೆದ. ತಾಮೆ ಕುಣಿದ. ನೆವ್ ಸತ್ತವರ ಮನೆಯಿಂದ ಬಂದವನಂತೆ ಹಗ್ಗ ಸುತ್ತಿಕೊಂಡ. ಆ ಸಂಭ್ರಮದಲ್ಲಿ ಕೋರಲ್ ಒಳಗೆ ಹೋದದ್ದನ್ನು ಯಾರೂ ಗಮನಿಸಲಿಲ್ಲ. ಎರಡು ನಿಮಿಷದಲ್ಲಿ ಟೋಪಿ ಇಟ್ಟು, ಕೇಕಿನ ಡಬ್ಬ ಹಿಡಿದು ಬಂದು, ಅವನ ಎಡಕ್ಕೆ ಕೂತಳು.

"ನಡಿ."

"ಎಲ್ಲಿಗೆ?"

"ಗೋರ್‌ಗೆ. ನೋಯ್ಲೀನ್ ಅಕ್ಕನ ಮನೆ ಊಟಕ್ಕೆ. ಹನ್ನೊಂದು ವರ್ಷದಿಂದ ಕರೆದಾಗೆಲ್ಲ 'ಕಾರು ಮುಗೀಲಿ, ಬರ್ತೀನಿ' ಅಂತಿದ್ಯಲ್ಲ? ಮುಗೀತಲ್ಲ. ಫೋನ್ ಮಾಡಿದೀನಿ, ಕುರಿಮಾಂಸ ಒಲೆ ಮೇಲಿದೆ."

ಗೋರ್ ಐವತ್ತು ಕಿಲೋಮೀಟರ್. ಅದಿರಲಿ, ನೋಯ್ಲೀನ್‌ಳ ಗಂಡ ಗಾರ್ಡನ್ ಇದ್ದಾನಲ್ಲ, ತನ್ನ ಮೂತ್ರಪಿಂಡದ ಕಲ್ಲಿನ ಕತೆ ಬಿಟ್ಟು ಬೇರೆ ಮಾತೇ ಆಡದವನು. ಅವನಿಗೆ ಹೆದರಿಯೇ ಸೆಲ್ವಿನ್ ಹನ್ನೊಂದು ವರ್ಷ ಕಾರಿನಡಿ ಅಡಗಿದ್ದದ್ದು.

ಕಾರು ರಸ್ತೆಗೆ ಇಳಿಯಿತು. ಎಂಜಿನ್ ಅರಚುತ್ತಿತ್ತು, ಕಾರು ತೆವಳುತ್ತಿತ್ತು. ವಾಕಿಂಗ್ ಹೊರಟ ಮುದುಕಿಯೊಬ್ಬಳು ಕಾರನ್ನು ದಾಟಿ ಮುಂದೆ ಹೋದಳು.

"ಯಾಕಿಷ್ಟು ನಿಧಾನ?"

ತಡೆಯಲಾರದೆ ಎಲ್ಲವನ್ನೂ ಒಪ್ಪಿಕೊಂಡ. ಮಗುಚಿದ್ದು, ನಾಲ್ಕು ಗೇರು, ರಿವರ್ಸು.

"ಹಾಗಾದ್ರೆ ಇದು ಓಡಲ್ಲ ಅನ್ನು," ಎಂದಳು ಕೋರಲ್ ತಣ್ಣಗೆ. "ನೆವ್ ಇನ್ನೂ ಟ್ರೇಲರ್ ಬಿಚ್ಚಿಲ್ಲ."

"ಓಡುತ್ತೆ! ಓಡುತ್ತೆ!"

"ಹಾಗಿದ್ರೆ ತಿರುಗಿಸು. ನಾಲ್ಕು ಗೇರು ಹಿಂದಕ್ಕಿವೆ ತಾನೆ? ಹಿಂದಕ್ಕೇ ಹೋಗೋಣ. ಮಾಂಸ ತಣ್ಣಗಾಗುತ್ತೆ."

ಹೀಗೆ ಸೆಲ್ವಿನ್ ಪೆಟ್ರಿ, ಎಡಭುಜದ ಮೇಲಿಂದ ಹಿಂದಿನ ಗಾಜು ನೋಡುತ್ತಾ, ಐವತ್ತು ಕಿಲೋಮೀಟರೂ ಥರ್ಡ್ ಗೇರಿನಲ್ಲಿ ಹಿಂದುಮುಂದಾಗಿ ಹೋದ. ಹಾಲಿನ ಟ್ಯಾಂಕರಿನವನು ಬೆರಗಿನಿಂದ ರಸ್ತೆಯನ್ನೇ ಬಿಟ್ಟುಕೊಟ್ಟ. ಸಸ್ಪೆನ್ಷನ್ ಮಾತ್ರ ಬೆಣ್ಣೆಯಂತಿತ್ತು. ಗೋರ್ ತಲುಪಿ ಇಳಿದಾಗ ಕತ್ತು ಎಡಕ್ಕೆ ತಿರುಗಿದ್ದು ತಿರುಗಿದಂತೆಯೇ ಹಿಡಿದುಕೊಂಡಿತ್ತು. ಎಣ್ಣೆ ತಿಕ್ಕಿದರೂ ಕದಲಲಿಲ್ಲ.

ಊಟದ ಮೇಜಿನಲ್ಲಿ ಅವನ ಎಡಕ್ಕೆ ಕೂತವನು ಗಾರ್ಡನ್. ಕಲ್ಲಿನ ಕತೆ ಮೊದಲಿನಿಂದ ಶುರುವಾಯಿತು. ಸೆಲ್ವಿನ್ ಮುಖ ತಿರುಗಿಸಲಾರದೆ, ರೆಪ್ಪೆ ಬಡಿಯುತ್ತಾ ಎರಡೂವರೆ ಗಂಟೆ ಅವನನ್ನೇ ನೋಡುತ್ತಾ ಕೂತ.

ಹೊರಡುವಾಗ ಗಾರ್ಡನ್ ಕಾರಿನವರೆಗೂ ಬಂದ. ಸೆಲ್ವಿನ್ನನ ಎರಡೂ ಕೈ ಹಿಡಿದುಕೊಂಡ. "ನನ್ನ ಜನ್ಮದಲ್ಲಿ ಒಬ್ಬರೂ ಹೀಗೆ ಮುಖ ಕೊಟ್ಟು ಕೇಳಿರ್ಲಿಲ್ಲ ಕಣಯ್ಯಾ. ಇನ್ನೊಂದು ಮೂತ್ರಪಿಂಡದ್ದು ಮುಂದಿನ ಶನಿವಾರ ಹೇಳ್ತೀನಿ, ಬಾ."