ಅತ್ತೆಯ ಆಂಟೆನಾ

ನಮ್ಮ ಸೋದರತ್ತೆಯನ್ನು ಹುಡುಕಿಕೊಂಡು ಕಟ್ಟೆಮಳಲವಾಡಿಗೆ ಬರುವವರಿಗೆ ವಿಳಾಸ ಬೇಡ, ಕತ್ತೆತ್ತಿ ನೋಡಿದರೆ ಸಾಕು! ಆಕಾಶಕ್ಕೆ ತಿವಿಯುತ್ತಿರುವ ಕಡ್ಡಿಯ ಕೆಳಗೆ ಒಂದು ಪಿಕಪ್ಪು, ಪಿಕಪ್ಪಿನೊಳಗೆ ಅತ್ತೆ.

ಐವತ್ತು ದಾಟಿದ ಅತ್ತೆ ವಾರಕ್ಕೆ ಮೂರು ದಿನ ತಾನೇ ಗಾಡಿ ಓಡಿಸಿಕೊಂಡು ಹೋಗಿ ಕೊಪ್ಪದ ಮಾರ್ಕೆಟ್ಟಿಗೆ ತರಕಾರಿ ಹಾಕಿ ಬರುವವರು. ಅದು ಸಾಲದೆಂದು ಹೋದ ವರ್ಷ ಹ್ಯಾಮ್ ರೇಡಿಯೋ ಪರೀಕ್ಷೆ ಬರೆದು ಪಾಸಾದರು. ಸ್ವಂತ ರೇಡಿಯೋ ಇಟ್ಟುಕೊಂಡು ಗಾಳಿಯಲ್ಲೇ ಊರೂರಿನವರ ಜೊತೆ ಮಾತಾಡಲು ಸರ್ಕಾರ ಕೊಡುವ ಲೈಸೆನ್ಸು ಅದು. ಈ ವಯಸ್ಸಲ್ಲಿ ಇದೇನು ಹುಚ್ಚು ಎಂದು ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ, ಆಂಟೆನಾ ಕೊಂಡರು!

ಮೊದಲನೆಯದು ಮೊಳದುದ್ದದ್ದು, ಬುಡದಲ್ಲಿ ಅಯಸ್ಕಾಂತ. ಗಾಡಿಯ ತಲೆಯ ಮೇಲಿಟ್ಟರೆ ಗಪ್ಪನೆ ಕಚ್ಚಿಕೊಳ್ಳುತ್ತಿತ್ತು. ಪಿರಿಯಾಪಟ್ಟಣದ ರಸ್ತೆ ಹಂಪಿನಲ್ಲಿ ಗಾಡಿ ಎಗರಿದಾಗ ಅದು ಬಿಟ್ಟುಕೊಂಡು, ವೈರಿಗೆ ಜೋತುಬಿದ್ದು, ಬಾಗಿಲಿಗೆ ಡಬಡಬ ಬಡಿಯತೊಡಗಿತು. ಅತ್ತೆ ಗಾಡಿ ನಿಲ್ಲಿಸಿ, ಹಿಂದೆ ಬರುತ್ತಿದ್ದ ಬೈಕಿನವನನ್ನು ತರಾಟೆಗೆ ತೆಗೆದುಕೊಂಡರಂತೆ.

"ಬಾಗ್ಲು ಯಾಕ್ಲಾ ಬಡೀತೀಯ? ಸೈಡ್ ಕೊಟ್ಟಿವ್ನಿ, ಓಗು!"

ಪಾಪ, ಅವನು ನೇತಾಡುತ್ತಿದ್ದ ಆಂಟೆನಾವನ್ನು ತೋರಿಸಿ ಕೈಮುಗಿದು ಹೋದನಂತೆ.

ಎರಡನೆಯದು ಆಳಿಗಿಂತ ಎತ್ತರ. ಅದನ್ನು ಗಾಡಿಯ ಹಿಂಬದಿಯ ಕಬ್ಬಿಣದ ಕಂಬಿಗೆ ಕೂರಿಸಲು ಹುಣಸೂರಿನ ವೆಲ್ಡಿಂಗ್ ಅಂಗಡಿಗೆ ಹೋದರು. ಪೇಂಟಿನ ಮೇಲೆ ಕೂರಿಸಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗದೆ ಅರ್ಥಿಂಗ್ ಸಿಗುವುದಿಲ್ಲವೆಂದು ಸ್ಯಾಂಡ್ ಪೇಪರ್ ಹಿಡಿದು ತಾವೇ ಕೆರೆಯಲು ನಿಂತರು. ವೆಲ್ಡಿಂಗಿನವನಿಗೆ ಹೊಟ್ಟೆ ಉರಿದುಹೋಯಿತು.

"ಅಕ್ಕೋ, ಮೊನ್ನೆ ತಾನೆ ಪೇಂಟ್ ಒಡ್ಸಿದ್ದಲ್ವಾ!"

"ಚೆಂದ ಯಾರಿಗ್ ಬೇಕು ಬುಡಪ್ಪ, ಅರ್ತಿಂಗ್ ಬೇಕು!"

ಹಾರನಹಳ್ಳಿಯಲ್ಲಿ ಟೀ ಕುಡಿಯಲು ನಿಂತಾಗ ಒಬ್ಬರು ಆ ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರಂತೆ: "ಯಾವ್ ಪಾರ್ಟೀದಮ್ಮಾ? ಬಾವುಟನೇ ಕಾಣ್ತಿಲ್ವಲ್ಲ!"

"ಗಾಳಿ ಪಾರ್ಟಿ ಕಣಣ್ಣ!"

ಅದೂ ಪಿರಿಯಾಪಟ್ಟಣ ದಾಟಿದರೆ ಕಿವುಡಾಗುತ್ತಿತ್ತಂತೆ. ಇನ್ನೂ ಉದ್ದನೆಯದು ಬಂತು, ನಡುವೆ ತಾಮ್ರದ ಸುರುಳಿ ಬೇರೆ! ನನಗೆ ತಡೆಯಲಾಗಲಿಲ್ಲ. "ಅತ್ತೆ, ಫೋನಿದೆಯಲ್ಲ? ಇಷ್ಟೆಲ್ಲ ಯಾಕೆ?" ಎಂದೆ.

"ಬಾ, ಕೂತ್ಕೋ ಗಾಡೀಲಿ" ಎಂದರು.

ಕೊಪ್ಪದ ಮಾರ್ಕೆಟ್ಟಿನ ಹತ್ತಿರ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ರೇಡಿಯೋದಲ್ಲಿ ಬರೀ ಬುಸ್ಸೆನ್ನುವ ಸದ್ದು. ಅತ್ತೆ ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದರು. ಬುಸುಗುಟ್ಟುವ ಆ ಸದ್ದಿನೊಳಗಿಂದ ಸಣ್ಣಗೆ ಬಂತು: ಟಿಕ್ ಟಿಕ್ ಟೀ... ಟೀ ಟಿಕ್...

"ಬಂತು ಕಣ್ಲಾ! ನಿಮ್ಮಾವ!"

ಎರಡು ವರ್ಷದ ಕೆಳಗೆ ಗಂಟಲಿನ ಆಪರೇಷನ್ ಆಗಿ ಮಾವನ ದನಿ ಹೋಗಿದ್ದು ನಮಗೆಲ್ಲ ಗೊತ್ತಿತ್ತು. ಮೂರು ಹೊಲದಾಚೆಗೂ ಕೇಳುತ್ತಿದ್ದ ದನಿ! ಆಮೇಲೆ ಅವರು ಫೋನು ಮುಟ್ಟುವುದನ್ನೇ ಬಿಟ್ಟಿದ್ದರು. ಆದರೆ ಗಂಡ ಹೆಂಡತಿ ಇಬ್ಬರೂ ಮೋರ್ಸ್ ಎಂಬ, ಬೆರಳಲ್ಲಿ ಕುಟ್ಟಿ ಅಕ್ಷರ ಕಳಿಸುವ ಈ ಟಿಕ್ ಟೀ ಭಾಷೆ ಕಲಿತು, ಜೊತೆಯಾಗಿ ಪರೀಕ್ಷೆ ಬರೆದಿದ್ದು ಯಾರಿಗೆ ಗೊತ್ತಿತ್ತು? ಮನೆಯ ಹಿತ್ತಲಲ್ಲಿ ಎಳೆದಿದ್ದ ಮಾವನ ಆಂಟೆನಾ ತಂತಿಯನ್ನು ಬಟ್ಟೆ ಒಣಗಿಸುವುದಕ್ಕೆಂದೇ ತಿಳಿದಿದ್ದೆವು!

"ಏನಂತಾರತ್ತೆ?"

"ನಿದಾನಕ್ಕೆ ಓಡ್ಸು ಅಂತವ್ರೆ. ಎಂಗ್ ಕುಟ್ತಾವ್ರೆ ಕೇಳು! ಮೆಸೇಜಲ್ಲಿ ಈ ಸಿಟ್ಟು ಕೇಳಿಸ್ತದಾ?"

ಅತ್ತೆ ನಗುತ್ತಿದ್ದರು, ಕಣ್ಣು ತುಂಬಿತ್ತು. ನಾನು ಟೊಮೆಟೊ ಕ್ರೇಟು ಇಳಿಸೋಣವೆಂದು ಬಾಗಿಲು ತೆರೆದೆ. ಅತ್ತೆ ತೋಳು ಹಿಡಿದು ಕೂರಿಸಿದರು.

"ಇರ್ಲಾ, ಸದ್ದು ಮಾಡ್ಬೇಡ. ಇನ್ನೂ ಏನೋ ಯೋಳ್ತಾವ್ರೆ."