ನಾಲ್ಕು ಬಾಲದ ವರದಿ

ಶನಿವಾರ ಮಧ್ಯಾಹ್ನ ಹಾಕಿದ ನೀರಿನ ಮೋಟಾರನ್ನು ಯಾರೂ ಆರಿಸಲಿಲ್ಲ. ಭಾನುವಾರವಿಡೀ ತಾರಸಿಯ ತೊಟ್ಟಿ ತುಂಬಿ ಹರಿಯಿತು. ಸೋಮವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆದಾಗ ಹಳೆಯ ಕಡತಗಳ ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ಮೂರು ಕಪಾಟಿನ ಕಡತಗಳು ಸೋಪಿನ ನೀರಲ್ಲಿ ನೆನೆಹಾಕಿದ ಬಟ್ಟೆಯ ಹಾಗೆ ಉಬ್ಬಿಕೊಂಡು ಕೂತಿದ್ದವು.

ಹತ್ತೂವರೆಗೆ ಮುಖ್ಯ ಕಚೇರಿಯಿಂದ ಫೋನು ಬಂತು. ಯಾರು ಏನು ಹೇಳುತ್ತಾರೆಂದು ಇಂಗ್ಲಿಷಿನಲ್ಲಿ ಒಂದೇ ಪುಟದ ವರದಿ ಬೇಕು, ಹೇಳಿದವರೆಲ್ಲ ಓದಿ ಸಹಿ ಹಾಕಿರಬೇಕು, ನಾಲ್ಕು ಗಂಟೆಯೊಳಗೆ ತಲುಪಬೇಕು.

ಮ್ಯಾನೇಜರು ಟಪಾಲು ಗುಮಾಸ್ತನನ್ನು ಕರೆಸಿದರು. ಐದು ಜನರ ಆ ಕಚೇರಿಯಲ್ಲಿ ಇಂಗ್ಲಿಷ್ ಬರೆಯಬಲ್ಲವನು ಅವನೊಬ್ಬನೇ. ಅವನನ್ನು ಎಲ್ಲರೂ ಕರೆಯುವುದು ಟಪಾಲಣ್ಣ ಎಂದು.

"ನೋಡ್ರೀ, ದೊಡ್ಡ ಸಾಹೇಬರಿಗೆ ಒಳ್ಳೇ ಇಂಗ್ಲಿಷ್ ಅಂದ್ರೆ ಪ್ರಾಣ. ನಿಮ್ಮ ವರ್ಗಾವಣೆ ಅರ್ಜಿ ಅವರ ಮೇಜಿನ ಮೇಲೇ ಇದೆ. ಇವತ್ತು ಮೆಚ್ಚಿದ್ರೆ ಇವತ್ತೇ ಸಹಿ."

ಟಪಾಲಣ್ಣನ ಹೆಂಡತಿ ಮಗಳು ಇನ್ನೊಂದು ಊರಿನಲ್ಲಿ, ಮಾವನ ಮನೆಯಲ್ಲಿದ್ದರು. ಮೂರು ವರ್ಷದಿಂದ ಅವನು ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ, ಮಗಳು ಗುರುತು ಹಿಡಿಯುವಷ್ಟರಲ್ಲಿ ವಾಪಸು ಬರುತ್ತಿದ್ದ.

ಮಾವ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅಳಿಯನಿಗೆ ಅವರೇ ಕಲಿಸಿದ್ದು: "ಅವನು ಹೀಗಂದ, ಇವನು ಹಾಗಂದ ಅಂತ ತುಂಡು ತುಂಡು ಬರೀಬೇಡಪ್ಪ. ಹೇಳಿದ್ದನ್ನ ಹೇಳಿದವನಿಗೇ ಕಟ್ಟು. ಕನ್ನಡದಲ್ಲಿ 'ಗೇಟು ಕಾಯುವ ವಾಚ್‌ಮನ್' ಅಂತ ಮಾತು ಮುಂದೆ, ಮನುಷ್ಯ ಹಿಂದೆ. ಇಂಗ್ಲಿಷಲ್ಲಿ ಮನುಷ್ಯ ಮುಂದೆ, ಅವನ ಹಿಂದೆ 'ಯಾರು' ಅನ್ನೋ ಒಂದು 'ಹೂ', ಆಮೇಲೆ ಬಾಲ. ಬಾಲ ನೆಟ್ಟಗಿದ್ರೆ ವಾಕ್ಯ ಓಡುತ್ತೆ."

ಹನ್ನೊಂದೂವರೆಗೆ ಟಪಾಲಣ್ಣನ ವರದಿ ಸಿದ್ಧವಾಯಿತು. ನಾಲ್ಕು ವಾಕ್ಯ, ನಾಲ್ಕು ಮನುಷ್ಯರು, ನಾಲ್ಕು ಬಾಲ. ಮೋಟಾರು ಕೋಣೆಯ ಕೀಲಿಯನ್ನು ಮ್ಯಾನೇಜರಿಗೆ ಕೊಟ್ಟೆನೆಂದ ಸ್ಟೋರ್‌ಕೀಪರು. ಮ್ಯಾನೇಜರು ಪೈಪು ಹಿಡಿದು ಕಾರು ತೊಳೆಯುವುದನ್ನು ಕಿಟಕಿಯಿಂದ ಕಂಡೆನೆಂದ ಟೈಪಿಸ್ಟ್. ಕಾರು ತೊಳೆದು ತೊಟ್ಟಿ ಬರಿದಾದ ಮೇಲೆ ಮ್ಯಾನೇಜರೇ ಮೋಟಾರು ಹಾಕಿದರೆಂದ ವಾಚ್‌ಮನ್. ಏನೂ ನೆನಪಿಲ್ಲವೆಂದ ಮ್ಯಾನೇಜರು. ಎಲ್ಲ ಸತ್ಯ, ಎಲ್ಲ ಒಂದು ಪುಟದೊಳಗೆ. ಪದ್ಯ ಓದುವವರು ಉಸಿರು ನಿಲ್ಲಿಸುವ ಕಡೆಯಲ್ಲೇ ಅವನ ಅಲ್ಪವಿರಾಮಗಳೂ ಬಿದ್ದಿದ್ದವು.

ಸಹಿಗೆ ಮೊದಲು ಸ್ಟೋರ್‌ಕೀಪರ ಹತ್ತಿರ ಹೋಗಿ ಅರ್ಥ ಹೇಳಿದ.

"ಕೀಲಿ ಕೊಟ್ಟೆ ಅಂದಿದ್ದು ನಿಜ ಮಾರಾಯಾ. ಆದ್ರೆ ಅದನ್ನ ಬಾಲ ಮಾಡಿ ನನಗೇ ಕಟ್ಟೋದಾ? ನಾಳೆ ಯಾಕೆ ಕೊಟ್ಟೆ ಅಂತ ನನ್ನನ್ನೇ ಹಿಡೀತಾರೆ. ಅದು ತೆಗಿ. ಇಪ್ಪತ್ತಾರು ವರ್ಷದಲ್ಲಿ ಒಂದು ಕೀಲಿನೂ ಕಳೀದೇ ಇರೋ ಸ್ಟೋರ್‌ಕೀಪರು ಅಂತ ಹಾಕು."

"ಹಾಕ್ತೀನಿ ಸ್ವಾಮಿ. ಆದ್ರೆ ನೀವು ಏನು ಹೇಳಿದ್ರಿ ಅಂತ ಬೇಕಲ್ಲ?"

"ಏನೂ ಗೊತ್ತಿಲ್ಲ ಅಂದ್ರು ಅಂತ ಬರಿ. ಅದೂ ಹೇಳಿಕೆ ತಾನೇ?"

ಟಪಾಲಣ್ಣ ತಿದ್ದಿದ. ತಿದ್ದಿದ್ದನ್ನು ಟೈಪು ಮಾಡುತ್ತ ಟೈಪಿಸ್ಟ್ ಅಕ್ಕ ಪರದೆಯ ಮೇಲೆ ಬೆರಳಿಟ್ಟು ಅಳೆದಳು.

"ಇದೇನ್ರಿ, ಅವರ ಬಾಲ ಎರಡು ಸಾಲು, ನಂದು ಮುಕ್ಕಾಲು ಸಾಲು? ಅಲ್ಲದೆ ಕಿಟಕಿಯಿಂದ ನೋಡಿದೆ ಅಂತ ಬೇರೆ. ಕೆಲಸದ ಹೊತ್ತಲ್ಲಿ ಕಿಟಕಿ ನೋಡೋಳು ಅಂತ ನನ್ನ ಮರ್ಯಾದೆ ಕಳೀತೀರಾ?"

"ನೀವೇ ಹೇಳಿದ್ರಲ್ಲಕ್ಕ."

"ನಿಮ್ಮ ಹತ್ರ ಹೇಳಿದೆ. ಬರೆಯೋಕೆ ಹೇಳಿದ್ನಾ? ಕೀಲಿಮಣೆ ಬಿಟ್ಟು ಬೇರೆ ಕಡೆ ಕಣ್ಣೆತ್ತದ ಟೈಪಿಸ್ಟ್ ಅಂತ ಹಾಕಿ. ಸ್ವಲ್ಪ ಉದ್ದಕ್ಕೇ ಹಾಕಿ."

ಅವಳ ಬಾಲ ಬೆಳೆದದ್ದು ಸ್ಟೋರ್‌ಕೀಪರಿಗೆ ಗೊತ್ತಾಗಿ, ಅವರು ಬಂದು ತಮ್ಮ ಬಾಲಕ್ಕೆ 'ಒಂದು ದಿನವೂ ತಡವಾಗಿ ಬಾರದ' ಎಂದು ಸೇರಿಸಿದರು. ಅಕ್ಕ ತನ್ನದಕ್ಕೆ 'ಜ್ವರವಿದ್ದರೂ ರಜೆ ಹಾಕದ' ಎಂದಳು. ಹರಾಜಿನ ಕೂಗಿನ ಹಾಗೆ ಎರಡೂ ಏರುತ್ತ ಹೋದವು. ವರದಿ ಒಂದೂವರೆ ಪುಟವಾಯಿತು. ಅಕ್ಷರ ಚಿಕ್ಕದು ಮಾಡಿ ಮತ್ತೆ ಒಂದಕ್ಕೆ ಇಳಿಸಿದರು. ಆ ಗಲಾಟೆಯಲ್ಲಿ ಟಪಾಲಣ್ಣನ ಊಟದ ಡಬ್ಬಿ ತೆರೆಯಲೇ ಇಲ್ಲ.

ಮೂರು ಗಂಟೆಗೆ ವರದಿ ಮ್ಯಾನೇಜರ ಕೈಗೆ ಹೋಯಿತು. ವಾಚ್‌ಮನ್ನನ ವಾಕ್ಯಕ್ಕೆ ಬಂದಾಗ ಅವರ ಮುಖ ಹರಳೆಣ್ಣೆ ಕುಡಿದವರಂತಾಯಿತು.

"ರೀ, ಇವನಿಗೆ ಗೇಟು ಕಾಯೋ ಕೆಲಸ ಅಲ್ವೇನ್ರಿ?"

"ಹೌದು ಸಾರ್."

"ಮೋಟಾರು ಎಲ್ಲಿದೆ?"

"ಹಿತ್ತಲಲ್ಲಿ ಸಾರ್."

"ಹಿತ್ತಲು ನೋಡಿದ ಅಂದ್ರೆ ಗೇಟು ಬಿಟ್ಟಿದ್ದ ಅಂತಾಯ್ತು. ಪಾಪ, ಬಡವನ ಕೆಲಸ ಹೋಗುತ್ತೆ. ಅವನ ಒಳ್ಳೇದಕ್ಕೇ ಹೇಳ್ತೀನಿ, ಗೇಟು ಬಿಟ್ಟು ಬೇರೇನೂ ನೋಡದ ವಾಚ್‌ಮನ್ ಅಂತ ಮಾಡಿ. ಹಾಗೇ ನನ್ನದೂ ಸ್ವಲ್ಪ... ಸಿಬ್ಬಂದಿಯನ್ನ ಮನೆಯವರ ಹಾಗೆ ನೋಡಿಕೊಳ್ಳೋ, ಅವತ್ತು ಬೇಗ ಮನೆಗೆ ಹೋಗಿದ್ದ ಮ್ಯಾನೇಜರು."

ಟಪಾಲಣ್ಣನಿಗೆ ಮೂರು ವರ್ಷದ ಅರ್ಜಿ ನೆನಪಾಯಿತು. ಎರಡನ್ನೂ ತಿದ್ದಿದ.

ಹೊರಗೆ ವಾಚ್‌ಮನ್ ಸಹಿ ಹಾಕುವಾಗ ಪೆನ್ನು ಹಿಡಿದು ಕೇಳಿದ. "ನಾನು ನೋಡಿದ್ದೆ ಅಣ್ಣ. ಇದರಲ್ಲಿ ನೋಡಿಲ್ಲ ಅಂತಿದೆಯಾ?"

"ನೋಡಿದ್ರೆ ಗೇಟು ಬಿಟ್ಟ ಹಾಗಾಗುತ್ತಪ್ಪ."

"ಓಹೋ," ಎಂದು ಅವನು ದುಂಡಗೆ ಸಹಿ ಹಾಕಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ವರದಿ ಹೋಯಿತು. ನಾಲ್ಕು ರತ್ನದಂಥ ಮನುಷ್ಯರು, ನಾಲ್ವರಿಗೂ ನವಿಲಿನಂಥ ಬಾಲ. ಮೋಟಾರಿನ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಕೆಳಗೆ ಟಪಾಲಣ್ಣನ ಸಹಿ.

ನಾಲ್ಕೂವರೆಗೆ ದೊಡ್ಡ ಸಾಹೇಬರೇ ಫೋನು ಮಾಡಿದರು. ಮ್ಯಾನೇಜರು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರು ಹಾಕಿದರು.

"ಯಾರ್ರೀ ಬರೆದಿದ್ದು? ಇಂಥ ಇಂಗ್ಲಿಷ್ ಓದಿ ಎಷ್ಟು ವರ್ಷ ಆಗಿತ್ತು!"

ಟಪಾಲಣ್ಣನ ಕಣ್ಣ ಮುಂದೆ ಮಗಳು ಕುಣಿದಳು. "ನಾನೇ ಸಾರ್," ಎಂದ.

"ಭೇಷ್. ನಾಲ್ಕು ಜನ ಎಲ್ಲಿದ್ರು, ಹ್ಯಾಗಿದ್ರು ಅಂತ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ನಿಮ್ಮ ಕಚೇರಿಯಲ್ಲಿ ಐದು ಜನ. ಐದನೆಯವರು ಶನಿವಾರ ಎಲ್ಲಿದ್ರು?"

ಎಲ್ಲರೂ ಟಪಾಲಣ್ಣನ ಕಡೆ ತಿರುಗಿದರು.

"ನೀವೇನಾ ಐದನೆಯವರು? ಎಲ್ಲರ ವಿಷಯ ಇಷ್ಟು ಬರೆದವರು ನಿಮ್ಮ ವಿಷಯ ಒಂದಕ್ಷರ ಬರೆದಿಲ್ಲ. ಹೂಂ, ಅರ್ಥ ಆಯ್ತು. ನಿಮ್ಮ ವರ್ಗಾವಣೆ ಕಡತ ಈಗಲೇ ಬದಿಗಿಡ್ತೀನಿ. ಮೋಟಾರು ಹಾಕಿ ಬಿಟ್ಟಿದ್ದು ನೀವಲ್ಲ ಅನ್ನೋದಾದ್ರೆ, ನಿಮ್ಮನ್ನ ನೋಡಿದವರ ಹೇಳಿಕೆ ಇವತ್ತೇ ಕಳಿಸಿ. ಇಂಗ್ಲಿಷಿನಲ್ಲಿ. ನೀವೇ ಬರೀರಿ, ಚೆನ್ನಾಗಿ ಬರೀತೀರಿ."

ಫೋನು ಕಟ್ಟಾಯಿತು. ಮ್ಯಾನೇಜರು ಮೊಬೈಲು ನೋಡುತ್ತ ಕೋಣೆ ಸೇರಿಕೊಂಡರು.

ಟಪಾಲಣ್ಣ ಟೈಪಿಸ್ಟ್ ಅಕ್ಕನ ಕಡೆ ತಿರುಗಿದ. "ಅಕ್ಕಾ, ಶನಿವಾರ ನೀವು ಹೊರಡೋ ತನಕ ನಿಮ್ಮ ಎದುರಿಗೇ ಕೂತಿದ್ದೆ ಅಲ್ವಾ?"

"ಕೂತಿದ್ರಿ, ಯಾರು ಇಲ್ಲ ಅಂದ್ರು? ಆದ್ರೆ ನಾನು ಕೀಲಿಮಣೆ ಬಿಟ್ಟು ಕಣ್ಣೆತ್ತದೋಳಲ್ವಾ? ಸಹಿ ಹಾಕಿದ ಮೇಲೆ ಸುಳ್ಳು ಹೇಳೋಕಾಗುತ್ತಾ?"

ಸ್ಟೋರ್‌ಕೀಪರು ಚೀಲ ಹೆಗಲಿಗೇರಿಸಿದರು. "ಏನೂ ಗೊತ್ತಿಲ್ಲ ಅಂತ ಬರೆಸಿದೀನಲ್ಲಪ್ಪ. ಅದರಲ್ಲಿ ನೀನೂ ಬಂದೆ."

ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಮುಂದೆ ಬಂದ. "ಹೆದರಬೇಡಿ ಅಣ್ಣ. ನಾನು ಗೇಟು ನೋಡೋನು, ಗೇಟಿನ ವಿಷಯ ಹೇಳಬಹುದು. ಹೇಳ್ತೀನಿ, ಬರ್ಕೊಳ್ಳಿ."

ಟಪಾಲಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಅಕ್ಕ ಹೊಸ ಪುಟ ತೆರೆದು ಬೆರಳು ಸಿದ್ಧ ಮಾಡಿಕೊಂಡಳು.

"ಶನಿವಾರ ಎಲ್ಲರೂ ಎರಡು ಗಂಟೆಗೇ ಗೇಟು ದಾಟಿದ್ರು," ಎಂದು ವಾಚ್‌ಮನ್ ನೆನಪು ಮಾಡಿಕೊಂಡು ನಿಧಾನವಾಗಿ ಹೇಳಿದ. "ನೀವೊಬ್ಬರೇ ಮೂರೂವರೆ ತನಕ ಒಳಗಿದ್ರಿ. ಕಡೆಗೆ ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟವರೂ ನೀವೇ. ದೇವರಾಣೆಗೂ ಸತ್ಯ ಅಣ್ಣ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."