ಅವಸರವಿಲ್ಲದ ಕಾರುಗಳು

ಕರೆಂಟಿನವನು ಕ್ವಾರ್ಟರ್ಸಿನಲ್ಲಿ ವಾಸವಿದ್ದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಪ್ರಸಂಗಗಳೇ ಬಂದು ಬೆಲ್ಲು ಒತ್ತುತ್ತವೆ. ನಾನು ಹಾವೇರಿ ಕಡೆಯವನು. ತೆಲುಗು ನಾಡಿನ ಗಾಜುವಾಕದ ಪಕ್ಕದ ನಮ್ಮ ಕಾರ್ಖಾನೆಯ ಟೌನ್‌ಶಿಪ್ಪಿಗೆ ಕರೆಂಟು ನೋಡಿಕೊಳ್ಳುವ ಎಂಜಿನಿಯರು. ಒಬ್ಬರನ್ನು ನೋಡಿ ಒಬ್ಬರು ಎಲೆಕ್ಟ್ರಿಕ್ ಕಾರು ಕೊಂಡರು, ಸಂಜೆ ಮನೆಗೆ ಬಂದವರೇ ಎಲ್ಲರೂ ಒಟ್ಟಿಗೆ ಚಾರ್ಜಿಗೆ ಹಾಕಿದರು. ಅದೇ ಹೊತ್ತಿಗೆ ಮನೆಮನೆಯ ಎಸಿಯೂ ಸೇರಿ ಟ್ರಾನ್ಸ್‌ಫಾರ್ಮರು ಏದುಸಿರು ಬಿಟ್ಟಿತು. ಇನ್ನೊಂದು ಟ್ರಾನ್ಸ್‌ಫಾರ್ಮರು ಕೊಳ್ಳಬೇಕು, ಇಲ್ಲವೇ ಚಾರ್ಜಿಂಗ್ ಪಾಯಿಂಟುಗಳನ್ನು ಕೀಳಬೇಕು ಎಂದರು ದೊಡ್ಡ ಸಾಹೇಬರು. ಎರಡೂ ಬೇಡ, ಮೂರು ತಿಂಗಳು ಕೊಡಿ, ಕಾರುಗಳಿಗೆ ಸರದಿ ಹಚ್ಚುತ್ತೇನೆ ಎಂದುಬಿಟ್ಟೆ. ಸೋತರೆ ಕಾಲೊನಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ.

ನಾಲ್ಕು ಗಂಟೆಯವರು

ಕಾರು ಎಷ್ಟು ಹೊತ್ತಿಗೆ ಬೇಕು ಎಂದು ಮೊಬೈಲಿನಲ್ಲಿ ಹೇಳಿದರೆ ಸಾಕು, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ನಾನು ಕೂರಿಸಿದ ಯಂತ್ರವೇ ಹಂಚುತ್ತದೆ. ಮೊದಲ ದಿನ ನೋಡುತ್ತೇನೆ, ಇಡೀ ಕಾಲೊನಿ ಬೆಳಗಿನ ಜಾವ ನಾಲ್ಕಕ್ಕೆ ಹೊರಡುವುದಂತೆ! ಪಕ್ಕದ ಮನೆಯ ಗುಮಾಸ್ತರ ಡ್ಯೂಟಿ ಇರುವುದೇ ಎಂಟೂವರೆಗೆ. ನಾಲ್ಕಕ್ಕೆ ಎಲ್ಲಿಗೆ ಹೋಗ್ತೀರಿ ಎಂದು ಕೇಳಿದೆ.

"ಎಲ್ಲಿಗೂ ಇಲ್ಲ ಸಾರ್. ಕಾರು ರೆಡಿ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತೆ."

ತಡವಾಗಿ ಹೊರಡುವವರಿಗೆ ಯೂನಿಟ್ಟಿನ ದರದಲ್ಲಿ ರಿಯಾಯಿತಿ ಎಂದು ನೋಟಿಸು ಹಾಕಿದೆ. ಮರುದಿನ ಕಾಲೊನಿಯಲ್ಲಿ ಒಬ್ಬನಿಗೂ ಅವಸರವಿಲ್ಲ. ಗುಮಾಸ್ತರಂತೂ, ಬರುವ ಸೋಮವಾರ ಸಿಕ್ಕರೂ ಆದೀತು ಎಂದು ಬರೆದಿದ್ದರು.

ರಾಹುಕಾಲ

ಎದುರು ಬ್ಲಾಕಿನ ಹಿರಿಯಮ್ಮ, ಕಾಲೊನಿಗೆಲ್ಲ ಅತ್ತಯ್ಯಗಾರು, ಒಂದು ಭಾನುವಾರ ಸಂಜೆ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ಮಗನ ಹೊಸ ಕಾರಿಗೆ ಯಂತ್ರ ಕೊಟ್ಟ ಮೊದಲ ಸರದಿಯೇ ನಾಲ್ಕೂವರೆಗೆ, ರಾಹುಕಾಲಕ್ಕೆ ಸರಿಯಾಗಿ. "ಬಾಬೂ, ನಿಮ್ಮ ಮಿಷಿನ್ನಿಗೆ ಹೇಳುವ ಹಿರಿಯರು ಯಾರೂ ಇಲ್ಲವಾ?" ಎಂದರು.

ವಾದ ಮಾಡಿ ಗೆಲ್ಲುವ ಜಾಗ ಅದಲ್ಲ. ರಾಹುಕಾಲ ಬಿಡಲಿ ಎಂಬ ಒಂದು ಆಯ್ಕೆಯನ್ನೂ ಸೇರಿಸಿದೆ. ಅರ್ಧ ಕಾಲೊನಿ ಸದ್ದಿಲ್ಲದೆ ಅದನ್ನು ಒತ್ತಿತ್ತು, ನಮ್ಮ ಸೇಫ್ಟಿ ಆಫೀಸರೂ ಸೇರಿ. ಭಾನುವಾರ ಸಂಜೆಯ ನೂಕುನುಗ್ಗಲು ಎಷ್ಟು ಇಳಿಯಿತೆಂದರೆ, ಇದು ಯಾವ ದೇಶದ ತಂತ್ರಜ್ಞಾನ ಎಂದು ಸಾಹೇಬರು ಕೇಳಿದರು. ಪಂಚಾಂಗದ್ದು ಸಾರ್, ಮನೆಯ ಗೋಡೆಯ ಮೇಲೆ ನೇತು ಹಾಕಿರುತ್ತಾರೆ ಎಂದೆ.

ವಿಜಯವಾಡದ ಲಾರಿ

ಮೂರು ತಿಂಗಳು ಮುಗಿಯಿತು. ಒಂದು ಸಂಜೆಯೂ ಫ್ಯೂಸು ಹೋಗಲಿಲ್ಲ, ಒಂದು ಕಾರೂ ಅರ್ಧ ದಾರಿಯಲ್ಲಿ ನಿಲ್ಲಲಿಲ್ಲ. ಸಾಹೇಬರು ಟ್ರಾನ್ಸ್‌ಫಾರ್ಮರ್ ಖರೀದಿ ರದ್ದು ಮಾಡಿ, ಎಲ್ಲರೆದುರು ನನ್ನ ಕೈ ಕುಲುಕಿದರು. ಸುಳ್ಳೇಕೆ ಹೇಳಲಿ, ಆ ದಿನ ನನ್ನ ಎದೆ ಎರಡಿಂಚು ಉಬ್ಬಿತ್ತು.

ಈ ಉಳಿತಾಯವನ್ನು ಕಾಗದದ ಮೇಲೆ ತೋರಿಸಬೇಕಲ್ಲ? ಕೊಳ್ಳದ ವಸ್ತುವಿಗೆ ನಮ್ಮಲ್ಲಿ ಫಾರಮ್ಮೇ ಇಲ್ಲ. ಇದ್ದದ್ದು ಸ್ಟೋರಿನ ಹೆಚ್ಚುವರಿ ಸಾಮಾನಿನ ಫಾರಂ ಒಂದೇ. ಅದರಲ್ಲೇ 'ಟ್ರಾನ್ಸ್‌ಫಾರ್ಮರು, ಒಂದು' ಎಂದು ತುಂಬಿ ಕಳಿಸಿದೆ. ಹೆಚ್ಚುವರಿ ಸಾಮಾನಿನ ಪಟ್ಟಿ ಎಲ್ಲ ಶಾಖೆಗಳಿಗೂ ಹೋಗುವ ಪದ್ಧತಿ.

ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ ಗೇಟಿನಿಂದ ಫೋನು. ವಿಜಯವಾಡ ಶಾಖೆಯಿಂದ ಒಂದು ಲಾರಿ, ಹಿಂದೆ ಕ್ರೇನು. ಟ್ರಾನ್ಸ್‌ಫಾರ್ಮರು ಒಯ್ಯಲು ಬಂದಿದ್ದಾರಂತೆ.

ಓಡಿದೆ. ಡ್ರೈವರಿಗೆ ಟೀ ಕುಡಿಸಿ, ಅದು ಇಲ್ಲವೇ ಇಲ್ಲ ಕಣಪ್ಪಾ, ಬೇಡವಾಗುವ ಹಾಗೆ ಮಾಡಿದ್ದೇ ನಮ್ಮ ಸಾಧನೆ ಎಂದು ಅರ್ಧ ಗಂಟೆ ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡ. ಖಾಲಿ ಲಾರಿ ವಾಪಸು ಹೋದರೆ ಡೀಸೆಲ್ಲಿನ ಲೆಕ್ಕ ಕೊಡಬೇಕಾದವನು ಅವನು.

"ಸರೇ ಸಾರ್, ಇಲ್ಲದ್ದನ್ನೇ ಕೊಟ್ಟೆವು ಅಂತ ಬರೆದು ಸೀಲು ಹಾಕಿಕೊಡಿ" ಎಂದ.

ನನಗೂ ಹುಮ್ಮಸ್ಸು ಬಂತು. 'ಕೊಳ್ಳದೇ ಇದ್ದ ಟ್ರಾನ್ಸ್‌ಫಾರ್ಮರು, ಒಂದು. ಸ್ಥಿತಿ: ಉತ್ತಮ' ಎಂದು ಬರೆದು, ರುಜು ಹಾಕಿ, ಸೀಲು ಒತ್ತಿದೆ. ಗೇಟಿನ ಸೆಕ್ಯೂರಿಟಿಯವನು ಕಾಗದ ಓದಿದ, ಲಾರಿ ಹತ್ತಿ ಖಾಲಿ ತೊಟ್ಟಿಯನ್ನೆಲ್ಲ ನೋಡಿದ, ಇಳಿದು ಬಂದು ರಿಜಿಸ್ಟರಿನಲ್ಲಿ ಬರೆದುಕೊಂಡ: ಮಾಲು ಸರಿಯಾಗಿದೆ.